ಎಲ್ಲ ಗಡಿಯಾರಗಳೂ ಬೀಗಗಳು

"ಎಲ್ಲಾ ಒಳಕ್ ಹೋಗ್ರಿ, ಒಳಗೆಲ್ಲಾ ಖಾಲಿ ಐತೆ" ಎಂದು ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ ಕೂಗಿದಾಗ, ಒಂಟಿ ಕಾಲ ಮೇಲೆ ನಿಂತಿದ್ದ ಝುಬೇರ್ ಅವನನ್ನೊಮ್ಮೆ ತಿರುಗಿ ನೋಡಿ ಮೂಗು ಮುರಿದ. ಒಳಗೆ ಇನ್ನೊಂದು ಕಾಲೂರಲು ಜಾಗವಿರಲಿಲ್ಲ. ಈ ಜನ 'ಎಲ್ಲಾ' ಎಂಬ ಮಾತನ್ನು ಎಲ್ಲೆಂದರಲ್ಲಿ ಉಗುಳುತ್ತಾರೆ, ಉಗುಳಿದ ಮೇಲೆ ಹಿಂತಿರುಗಿಯೂ ನೋಡುವುದಿಲ್ಲ. ಬೆಳಿಗ್ಗೆ ಅಮ್ಮ ಫಾತಿಮುನ್ನೀಸಾ ಚಹಾ ಮುಂದಿಟ್ಟು, ಎಲ್ಲರ ಮಕ್ಕಳೂ ಒಂದು ದಡ ಸೇರಿದರು, ನನ್ನ ಮಗನೊಬ್ಬ ಹೀಗೇ ಉಳಿದ ಎಂದು ಶುರು ಮಾಡಿದ್ದಳು. ಎಲ್ಲರ ಮಕ್ಕಳು ಅಂದರೆ ಯಾರು ಎಂದು ಅವನು ಕೇಳಿದ್ದ. ಎದುರು ಮನೆಯ ಮುಜೀಬ್ ಎಂದಳು. ಇನ್ಯಾರು? ಅವಳು ಯೋಚಿಸಿ, ಮುಜೀಬ್ ಎಂದೇ ಮತ್ತೆ ಹೇಳಿದಳು. ಒಬ್ಬ ಮುಜೀಬ್ ಬ್ಯಾಂಕಿನಲ್ಲಿ ಕೂತರೆ ಗುಬ್ಬಿ ಊರಿನ ಎಲ್ಲರ ಮಕ್ಕಳೂ ಕೂತಂತೆ. ತಾಯಿಯೆಂದು ಕೂಡ ನೋಡದೆ ಅವನು ಆ ಮಾತನ್ನು ಎಳೆದು ಬಿಚ್ಚಿ ಅವಳ ಮುಂದೆಯೇ ಹರಡಿದ್ದ. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳ ಬೆನ್ನು ನೋಡಿ ಗೆದ್ದೆ ಎನ್ನಿಸಿತ್ತು, ಬಸ್ಸು ಮಲ್ಲಸಂದ್ರ ದಾಟುವ ಹೊತ್ತಿಗೆ ಆ ಗೆಲುವು ಹಳಸಿಹೋಗಿತ್ತು.

ಗೆಲ್ಲುವುದೊಂದೇ ಅವನಿಗೆ ಬರುತ್ತಿದ್ದ ಕೆಲಸ. ತುಮಕೂರಿನ ಎಸ್.ಎಸ್.ಪುರದಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ, ಮಹಾಲಿಂಗಯ್ಯನವರ ಕೋಚಿಂಗ್ ಸೆಂಟರಿನಲ್ಲಿ ಅವನು ರೀಸನಿಂಗ್ ಹೇಳುತ್ತಿದ್ದ. ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂರುವವರಿಗೆ ಎಲ್ಲ, ಕೆಲವು, ಯಾವುದೂ ಇಲ್ಲ ಎಂಬ ಮೂರು ಮಾತಿನ ಅರ್ಥ ಹೇಳಿಕೊಡುವುದು. ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತಿನ ಅರ್ಥ ಇವರಿಗೆ ಗೊತ್ತಿಲ್ಲ, ಗೊತ್ತಿಲ್ಲ ಎನ್ನುವುದೂ ಗೊತ್ತಿಲ್ಲ. ಅಮೃತೂರಿನಿಂದ, ಹಾಗಲವಾಡಿಯಿಂದ, ಕುಣಿಗಲ್ಲಿನಿಂದ ಬುತ್ತಿ ಕಟ್ಟಿಕೊಂಡು ಬಂದು, ಕೆಳಗಿನಿಂದ ಬರುವ ಬನ್ನಿನ ವಾಸನೆಗೆ ಮೂಗರಳಿಸಿಕೊಂಡು ಕೂತಿರುತ್ತಿದ್ದ ಆ ಮುಖಗಳನ್ನು ಕಂಡರೆ ಅವನಿಗೆ ತಾತ್ಸಾರ ಉಕ್ಕುತ್ತಿತ್ತು. ಆ ತಾತ್ಸಾರವೇ ಅವನ ಹೆಸರಿಗೂ ಕಾರಣ. ಝುಬೇರ್ ಸರ್ ಬೈದರೆ ಜನ್ಮದಲ್ಲಿ ಮರೆಯಲ್ಲ ಎಂದು ಹುಡುಗರು ಹೇಳಿಕೊಂಡು ತಿರುಗುತ್ತಿದ್ದರು, ಅದನ್ನು ಮಹಾಲಿಂಗಯ್ಯ ಪಾಂಪ್ಲೆಟ್ಟಿನಲ್ಲೂ ಹಾಕಿಸಿದ್ದರು. ಒಂದೊಂದು ನಿಯಮ ಹೇಳಿದ ಮೇಲೂ ಇಡೀ ಕ್ಲಾಸು ಅದನ್ನು ಮಗ್ಗಿ ಒಪ್ಪಿಸುವ ಹಾಗೆ ಕೂಗಿ ಹೇಳಬೇಕು, ಅದು ಅವನು ಮಾಡಿದ ಪದ್ಧತಿ. "ಎಲ್ಲ ನಿಜವಾದರೆ ಕೆಲವೂ ನಿಜ" ಎಂದು ಅವರು ಕೂಗುವಾಗ ಬೇಕರಿಯ ಗಿರಾಕಿಗಳು ತಲೆಯೆತ್ತಿ ನೋಡುತ್ತಿದ್ದರು.

ಹೋದ ವರ್ಷ ಆ ನಿಯಮದ ದಿನ, ಎಲ್ಲ ಗಡಿಯಾರಗಳೂ ಬೀಗಗಳು ಎಂಬ, ನಿಜವೆಂದೇ ಹಿಡಿಯಬೇಕಾದ ಉದಾಹರಣೆಯನ್ನು ಅವನು ಬೋರ್ಡಿನ ಮೇಲೆ ಬರೆದಾಗ ಹಾಗಲವಾಡಿಯ ನಂದಿತಾ ಎದ್ದು ನಿಂತಿದ್ದಳು. ಅಡವಿಯಪ್ಪ ಎಂಬುವನ ಮಗಳು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕೇಳಬೇಕೋ ಬೇಡವೋ ಎಂಬ ದನಿ. "ಸರ್, ಎಲ್ಲಾ ಗಡಿಯಾರನೂ ಬೀಗ ಅಂತ ಪ್ರಶ್ನೇಲಿ ಅವ್ರೇ ಹೇಳ್ಬುಟ್ರಲ್ಲ. ಆಮೇಲೆ ಕೆಲವು ಗಡಿಯಾರ ಬೀಗ ಅಂತ ಯಾಕಂತಾರೆ? ಕೆಲವು ಅಂದ್ರೆ ಮಿಕ್ಕಿದ್ದು ಅಲ್ಲ ಅಂತ ತಾನೆ?" ಅವನು ಮಾರ್ಕರಿನ ಮುಚ್ಚಳ ಹಾಕಿ, ಮೇಜಿಗೆ ಒರಗಿ, ಸಾವಕಾಶವಾಗಿ ಕೇಳಿದ್ದ. "ನಿಮ್ಮನೇಲಿ ಎಮ್ಮೆ ಐತೇನಮ್ಮ?" ಐತೆ ಸರ್. "ಅದರ ಕಾಲೆಲ್ಲಾ ಕಪ್ಪಗವಾ?" ಹೂಂ ಸರ್. "ಹಂಗಾದ್ರೆ ಅದರ ಮುಂದ್ಗಡೆ ಎರಡು ಕಾಲು ಕಪ್ಪಗವೆ ಅಂದ್ರೆ ಸುಳ್ಳಾಗೋಯ್ತಾ? ಎಮ್ಮೆಗೆ ಗೊತ್ತು ಕಣಮ್ಮ ಇದು. ನೀನು ಹೋಗಿ ಕೊಟ್ಟಿಗೇಲಿ ಕೂತ್ಕೊ, ಎಮ್ಮೇನ ಕಳ್ಸು, ಅದಕ್ಕೆ ಪಾಸ್ ಮಾಡಿಸ್ತೀನಿ." ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವಳು ನಿಂತೇ ಇದ್ದಳು, ಯಾಕೆಂದರೆ ಅವನು ಕೂತುಕೋ ಎನ್ನಲಿಲ್ಲ. ನಗು ಇಳಿದ ಮೇಲೂ ಅವಳು ನಿಂತಿದ್ದದ್ದು, ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದದ್ದು ಅವನಿಗೆ ಆಗೀಗ ಕಣ್ಣಿಗೆ ಬರುತ್ತಿತ್ತು. ಆದರೆ ಕಲಿತಳಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಅವತ್ತಿನಿಂದ ನಿಯಮ ಕೂಗುವಾಗ ಎಲ್ಲರ ದನಿಯ ಮೇಲೆ ಅವಳ ದನಿ ಕೇಳುತ್ತಿತ್ತು. ನೌಕರಿ ಆಗುವವರೆಗೆ ಮದುವೆ ಮಾತೆತ್ತುವುದಿಲ್ಲವೆಂದು ಅಪ್ಪನ ಹತ್ತಿರ ಮಾತು ತಗೊಂಡಿದ್ದಾಳಂತೆ, ಈ ಸಲ ಆಗದಿದ್ದರೆ ಆ ಮಾತು ಮುಗಿಯಿತಂತೆ ಎಂದು ಯಾರೋ ಹೇಳಿದ್ದರು.

ಈ ಸಲ ಮುಗಿಯುವುದು ತನ್ನದೂ ಎಂದು ಝುಬೇರ್ ಯಾರಿಗೂ ಹೇಳಿರಲಿಲ್ಲ. ವಯಸ್ಸಿನ ಮಿತಿಗೆ ಇದೇ ಕೊನೆಯ ಪರೀಕ್ಷೆ. ವರ್ಷಗಟ್ಟಲೆ ಊರಿಗೆಲ್ಲ ಪಾಠ ಹೇಳುತ್ತ, ಕದ್ದು ತಾನೂ ಬರೆಯುತ್ತ, ಒಂದೆರಡು ಅಂಕದಲ್ಲಿ ಜಾರುತ್ತ ಬಂದವನು ಅವನು. ಈ ಬಾರಿ ಕೇಂದ್ರ ಕುಣಿಗಲ್ಲಿಗೆ ಬಿದ್ದಾಗ, ಸದ್ಯ ತುಮಕೂರಿನಲ್ಲಿ ಅಲ್ಲವಲ್ಲ, ತನ್ನ ಕ್ಲಾಸಿನ ಕುರಿಗಳ ಕಣ್ಣಿಗೆ ಬೀಳುವುದು ತಪ್ಪಿತು ಎಂದು ನಿಟ್ಟುಸಿರು ಬಿಟ್ಟಿದ್ದ. ಅಲ್ಲಿ ಗೇಟಿನಲ್ಲಿ ನಿಂತ ಪೇದೆ, ಮೀಸೆ ಸರಿಯಾಗಿ ಬಲಿಯದವನು, ಅವನ ತುಂಬು ತೋಳಿನ ಅಂಗಿ ನೋಡಿ ಕತ್ತರಿ ತೆಗೆದ. ಅರ್ಧ ತೋಳು ಎಂದು ನಿಯಮದಲ್ಲಿ ಬರೆದಿದೆ. ಆ ನಿಯಮವನ್ನು ತಾನೇ ಬ್ಯಾಚಿಗೆಲ್ಲ ಓದಿ ಹೇಳಿದ್ದವನು, ಅದು ಹಳ್ಳಿಯಿಂದ ಬರುವ ಹುಡುಗರಿಗೆ ಎಂದುಕೊಂಡಿದ್ದ. "ಕೈ ಚಾಚಿ ಅಂಕಲ್" ಎಂದ ಪೇದೆ. ಮೊಣಕೈ ಮೇಲಕ್ಕೆ ಅಂಕುಡೊಂಕಾಗಿ ಕತ್ತರಿಸಿದ ಅಂಗಿಯಲ್ಲಿ, ನೂಲು ನೇತಾಡಿಸಿಕೊಂಡು, ಮಕ್ಕಳ ವಯಸ್ಸಿನವರ ಸಾಲಿನಲ್ಲಿ ಹೋಗಿ ಕೂತ. ಎದೆಯಲ್ಲಿ ಬೆಂಕಿ ಇತ್ತು. ರೀಸನಿಂಗ್ ಭಾಗಕ್ಕೆ ಬಂದಾಗ ಆ ಬೆಂಕಿಯಲ್ಲೇ ಓದಿದ. ಹೇಳಿಕೆ: ಎಲ್ಲ ಗಡಿಯಾರಗಳೂ ಬೀಗಗಳು. ತೀರ್ಮಾನ: ಕೆಲವು ಗಡಿಯಾರಗಳು ಬೀಗಗಳು. ಹೇಳಿಕೆಯನ್ನು ತೀರ್ಮಾನ ಅನುಸರಿಸುತ್ತದೆಯೇ, ಇಲ್ಲವೇ? ಅವನು ನಕ್ಕ. ಇದನ್ನು ಕೇಳುತ್ತಾರೆಯೇ? ಹಾಗಲವಾಡಿಯ ಎಮ್ಮೆ ಕೂಡ ಮಾಡುವ ಪ್ರಶ್ನೆ. ಅಷ್ಟರಲ್ಲಿ ಒಂದು ಅನುಮಾನ ಹುಟ್ಟಿತು. ಇಷ್ಟು ಸುಲಭದ್ದನ್ನು ಸುಮ್ಮನೆ ಕೇಳಲಾರರು. ಇದು ಆ ಕುರಿಗಳಿಗೆ ತೋಡಿದ ಗುಂಡಿ, ಎಲ್ಲರೂ 'ಅನುಸರಿಸುತ್ತದೆ' ಎಂದು ಬೀಳುತ್ತಾರೆ, ಬುದ್ಧಿವಂತನೊಬ್ಬ ದಾಟಬೇಕು. ಸುತ್ತಲಿನ ಬೆನ್ನುಗಳನ್ನು ನೋಡಿದ. ಇವರು ಬರೆಯುವ ಉತ್ತರ ತಾನು ಬರೆಯುವುದು ಹೇಗೆ ಎನ್ನಿಸಿತು. 'ಅನುಸರಿಸುವುದಿಲ್ಲ' ಎಂಬ ವೃತ್ತವನ್ನು ಪೆನ್ನೊತ್ತಿ ಕಪ್ಪು ಮಾಡಿದ.

ಹೊರಗೆ ಬಂದು, ಕುಣಿಗಲ್ ಕೆರೆಯ ಏರಿ ಕಾಣುವ ಹೊತ್ತಿಗೆ, ತಾನು ಮಾಡಿದ್ದೇನೆಂದು ತಿಳಿದಿತ್ತು. ಗುಂಡಿ ಇರಲೇ ಇಲ್ಲ. ಅಲ್ಲಿದ್ದದ್ದು ಬಯಲು, ಅದರಲ್ಲಿ ಎಲ್ಲರೂ ನಡೆದುಹೋದರು, ತಾನೊಬ್ಬ ಹಾರಿ ಬಿದ್ದ. ಪರೀಕ್ಷೆಯ ಸಂಜೆಯೇ ಕೀ ಉತ್ತರದ ವಿಡಿಯೋ ಹಾಕುವುದು ತುಮಕೂರಿನ ಕೋಚಿಂಗ್ ಸೆಂಟರುಗಳ ರೂಢಿ, ಯಾರು ಮೊದಲು ಹಾಕುತ್ತಾರೋ ಅವರಿಗೆ ಮುಂದಿನ ಬ್ಯಾಚು ತುಂಬುತ್ತದೆ. ಹೊಸ ಅಂಗಿ ಹಾಕಿಕೊಂಡು ಕ್ಯಾಮೆರಾ ಮುಂದೆ ನಿಂತಿದ್ದ. ಆ ಪ್ರಶ್ನೆ ಬಂದಾಗ ಮಾಮೂಲಿಗಿಂತ ಜೋರಾಗಿ ನಕ್ಕು, "ಇದನ್ನೂ ತಪ್ಪು ಮಾಡ್ಕೊಂಡು ಬಂದೋರು ಯಾರಾದ್ರೂ ಇದ್ರೆ, ದಯವಿಟ್ಟು ನನ್ ಸ್ಟೂಡೆಂಟ್ ಅಂತ ಎಲ್ಲೂ ಹೇಳ್ಬೇಡಿ" ಎಂದಿದ್ದ. ಮಾರನೇ ದಿನ ಬಸ್ಸಿನಲ್ಲಿ ನಂದಿತಾ ಹಿಂದಿನ ಸೀಟಿನಿಂದ ಎದ್ದು ಬಂದು, "ಸರ್, ಗಡಿಯಾರದ್ದು ಬಂದಿತ್ತು! ನಮ್ಮನೆ ಎಮ್ಮೇನ ನೆನೆಸ್ಕೊಂಡೇ ಬರ್ದೆ" ಎಂದು ಮುಖವರಳಿಸಿದ್ದಳು. ಅವನು ಕಿಟಕಿಯ ಕಡೆ ತಿರುಗಿ ಹೂಂ ಎಂದಿದ್ದ.

ಈಗ ಅಧಿಕೃತ ಕೀ ಬಂದಿತ್ತು, ಅದರಲ್ಲಿ ನಂದಿತಾಳ ಉತ್ತರವೇ ಸರಿ. ಆಕ್ಷೇಪಣೆ ಸಲ್ಲಿಸಲು ಇವತ್ತೇ ಕೊನೆ. ಸೆಂಟರಿನ ಮೆಟ್ಟಿಲು ಹತ್ತಿ ಬಂದ ಝುಬೇರನಿಗಾಗಿ ಅಮೃತೂರಿನ ಚಂದ್ರು ತನ್ನಂಥ ಒಂದಿಷ್ಟು ಜನರನ್ನು ಕಟ್ಟಿಕೊಂಡು ಆಫೀಸಿನ ಬಾಗಿಲಲ್ಲಿ ಕಾಯುತ್ತಿದ್ದ. ಅವರೆಲ್ಲ ಗಡಿಯಾರದ ಪ್ರಶ್ನೆ ತಪ್ಪಿದವರು. "ಸಾ, ಬೈಕಳಿ ಪರವಾಗಿಲ್ಲ. ಒಂದ್ ಮಾರ್ಕಲ್ಲಿ ಹೋಗ್ತದೆ ಸಾ. ನೀವು ಸೆಂಟರ್ ಲೆಟರ್ ಹೆಡ್ಡಲ್ಲಿ ಒಂದ್ ಬರ್ಕೊಟ್ರೆ, ಕ್ವಶ್ಚನ್ನೇ ತೆಗೆದಾಕ್ತಾರೆ." ಬೇರೆ ದಿನವಾಗಿದ್ದರೆ ಚಂದ್ರುವಿನ ಚರ್ಮ ಸುಲಿಯುತ್ತಿದ್ದ. ಇವತ್ತು ನೀರಿನ ಬಾಟಲಿ ಎತ್ತಿಕೊಂಡ. ಮಹಾಲಿಂಗಯ್ಯ ಮೇಜಿನ ಹಿಂದಿನಿಂದ, "ಬರ್ಕೊಡಿ ಝುಬೇರ್, ಹುಡುಗ್ರಿಗೆ ಒಳ್ಳೇದಾಗ್ಲಿ, ನಮ್ಗೂ ಹೆಸರಾಗ್ತದೆ" ಎಂದರು. ವಿಡಿಯೋದಲ್ಲಿ ಬೇರೆ ಹೇಳಿದ್ದೀನಲ್ಲ ಎಂದು ಝುಬೇರ್ ಮೆಲ್ಲಗೆ ಅಂದ. "ತೆಗ್ಸಿ ಬುಡೋಣ. ಯಾವನ್ ನೋಡ್ತಾನೆ?" ಎಂದರು ಮಹಾಲಿಂಗಯ್ಯ, ಹಲ್ಲು ಕಡ್ಡಿ ಹುಡುಕುತ್ತ. ಇಂಥವರ ಕೈ ಕೆಳಗೆ ಇಷ್ಟು ವರ್ಷ ದುಡಿದೆನಲ್ಲ ಎಂದು ಝುಬೇರನಿಗೆ ಅಸಹ್ಯವಾಯಿತು. ಅಸಹ್ಯಪಟ್ಟುಕೊಂಡೇ ಲೆಟರ್ ಹೆಡ್ಡು ಎಳೆದುಕೊಂಡ.

ಬರೆಯಲು ಕೂತಾಗ ಅವನಿಗೇ ಆಶ್ಚರ್ಯವಾಗುವಂತೆ ಮಾತು ಸರಾಗವಾಗಿ ಬಂತು. ಪರೀಕ್ಷೆಯನ್ನು ಕನ್ನಡದಲ್ಲಿ ನಡೆಸುವಾಗ ಕನ್ನಡಿಗರು ಮಾತನ್ನು ಬಳಸುವ ರೀತಿಯನ್ನು ಕಡೆಗಣಿಸಲಾಗದು. ಮದುವೆ ಮನೆಯಿಂದ ಬಂದವನು ಕೆಲವರು ಉಂಡರು ಎಂದರೆ, ಉಳಿದವರು ಉಣ್ಣಲಿಲ್ಲವೆಂದೇ ಕೇಳುವವರು ತಿಳಿಯುತ್ತಾರೆ. ಎಲ್ಲರೂ ಉಂಡದ್ದು ಗೊತ್ತಿದ್ದೂ ಕೆಲವರು ಉಂಡರು ಎನ್ನುವವನನ್ನು ಹಳ್ಳಿಗಳಲ್ಲಿ ಸುಳ್ಳನೆಂದೇ ಕರೆಯುತ್ತಾರೆ. ಗ್ರಾಮೀಣ ಅಭ್ಯರ್ಥಿಗಳ ಸಹಜ ಭಾಷಾಜ್ಞಾನವನ್ನು ಅಜ್ಞಾನವೆಂದು ಶಿಕ್ಷಿಸುವುದು ಅನ್ಯಾಯ. ಸಹಜ ಭಾಷಾಜ್ಞಾನ! ತಾನು ವರ್ಷಗಟ್ಟಲೆ ಕಾಲಲ್ಲಿ ಒದ್ದದ್ದನ್ನು ಈಗ ಎತ್ತಿ, ಧೂಳು ಕೊಡವಿ, ಹೂವಿಡುತ್ತಿದ್ದ. ಅದಕ್ಕಿಂತ ಭಯವಾದದ್ದು, ಬರೆದದ್ದು ಪೂರ್ತಿ ಸುಳ್ಳು ಎಂದು ಅನ್ನಿಸದೇ ಹೋದದ್ದು. ನಂದಿತಾ ಅವತ್ತು ಕೇಳಿದ್ದರಲ್ಲಿ ಒಂದು ನ್ಯಾಯ ಇತ್ತು, ಅದನ್ನು ಅವನು ಆಗಲೇ ಕಂಡಿದ್ದ, ಕಂಡದ್ದಕ್ಕೇ ಎಮ್ಮೆಯನ್ನು ಎಳೆತಂದಿದ್ದ. ಆದರೆ ಪರೀಕ್ಷೆಯ ನಿಯಮ ಬೇರೆ, ಆ ನಿಯಮದಲ್ಲಿ ಕೀ ಸರಿಯಾಗಿಯೇ ಇದೆ, ಇದೂ ಅವನಿಗೆ ಅಷ್ಟೇ ಚೆನ್ನಾಗಿ ಗೊತ್ತಿತ್ತು. ಕೊನೆಯಲ್ಲಿ 'ವಿಷಯ ತಜ್ಞ' ಎಂದು ಸಹಿ ಮಾಡಿದ. ಅಭ್ಯರ್ಥಿ ಎಂದು ಎಲ್ಲೂ ಬರೆಯಲಿಲ್ಲ. ತನ್ನ ಒಂದು ಅಂಕವನ್ನು ಚಂದ್ರುವಿನಂಥವರ ಬೆನ್ನ ಹಿಂದೆ ಅವಿತುಕೊಂಡು ಬೇಡುವ ಗತಿ ಬಂತಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಚಂದ್ರು ಓದಿ ಕಣ್ಣರಳಿಸಿದ. "ಸೂಪರ್ ಸಾ. ಆದ್ರೆ ತಪ್ಪು ಮಾಡ್ದೋರೇ ಸೈನ್ ಆಕಿದ್ರೆ, ತಪ್ಪು ಮಾಡವ್ರೆ ಅದಕ್ಕೆ ಬಂದವ್ರೆ ಅಂತಾರೆ. ಸರಿ ಮಾಡ್ದೋರು ಒಬ್ರು ಆಕ್ಬೇಕು. ನಂದಿತಾ ರೀಡಿಂಗ್ ರೂಮಲ್ಲೇ ಅವ್ಳೆ, ಕರೀತೀನಿ." ಬೇಡ ಎನ್ನಲು ಝುಬೇರ್ ಬಾಯಿ ತೆರೆದ. ತೆರೆದ ಬಾಯಿಗೆ ನೀರು ಹಾಕಿಕೊಂಡ. ಕ್ಲಾಸಿಗೂ ರೀಡಿಂಗ್ ರೂಮಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. ಅಲ್ಲಿಂದ ಚಪ್ಪಲಿ ಎಳೆಯುವ ಸದ್ದು, ಆಮೇಲೆ ಅವಳು, ಮುಂದಿನ ಪರೀಕ್ಷೆಯ ದಪ್ಪ ಪುಸ್ತಕದೊಳಗೆ ಬೆರಳಿಟ್ಟುಕೊಂಡು. ಅವಳ ಅಂಕವೂ ಅಂಚಿನಲ್ಲೇ ಇತ್ತು, ಈ ಪ್ರಶ್ನೆಯನ್ನು ತೆಗೆದರೆ ಸರಿ ಬರೆದವರ ಅಂಕ ಹೋಗಿ ಅವಳು ಆಯ್ಕೆಯಿಂದ ಆಚೆಗೆ ಬೀಳುತ್ತಾಳೆ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಪತ್ರವನ್ನು ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದಳು. ಓದುವಷ್ಟು ಹೊತ್ತೂ ಝುಬೇರ್ ಅವಳನ್ನು ತಾತ್ಸಾರ ಮಾಡಲು ಏನಾದರೂ ಸಿಗುತ್ತದೆಯೇ ಎಂದು ನೋಡಿದ. ಜಡೆ ಇತ್ತು, ಎಣ್ಣೆ ಇತ್ತು, ಹೆಬ್ಬೆರಳಿನ ಮೇಲೆ ಇಂಕಿನ ಕಲೆ ಇತ್ತು.

"ಸರ್, ನಂಗೊಂದ್ ಡೌಟು. ಕ್ಲಾಸಲ್ಲಿ ಹೇಳಿದ್ದು ಸರೀನಾ, ಇದರಲ್ಲಿ ಬರ್ದಿರೋದು ಸರೀನಾ?"

ಮಹಾಲಿಂಗಯ್ಯ ಹಲ್ಲು ಕಡ್ಡಿ ನಿಲ್ಲಿಸಿದರು. ಈಗ ಹೇಳಿದರೆ ಆಯಿತು ಎಂದು ಝುಬೇರನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಕ್ಲಾಸಲ್ಲಿ ಹೇಳಿದ್ದು ಸರಿ ಕಣಮ್ಮ, ಹೋಗಿ ಓದ್ಕೊ, ಅಷ್ಟೇ ಮಾತು. ಅದರ ಬದಲು ಕತ್ತರಿ ಹಿಡಿದ ಪೇದೆಯ ಮುಖ, ನೇತಾಡುವ ನೂಲು, ಅಮ್ಮ ಎತ್ತಿಕೊಂಡು ಹೋದ ಲೋಟ ಎಲ್ಲ ಒಟ್ಟಿಗೆ ಬಂದವು.

"ಬರ್ದಿರೋದು" ಎಂದ.

ಅವಳ ಮುಖ ನೋಡನೋಡುತ್ತ ಬದಲಾಯಿತು. ಅವನು ಸಿಟ್ಟನ್ನು ನಿರೀಕ್ಷಿಸಿದ್ದ, ಅಳುವನ್ನೂ ನಿರೀಕ್ಷಿಸಿದ್ದ. ಅವಳು ನಕ್ಕಳು. "ಹಂಗಾದ್ರೆ ಅವತ್ತು ನಾನ್ ಹೇಳಿದ್ದೇ ಸರಿ ಇತ್ತಾ ಸರ್?" ಅವನು ತಲೆಯಾಡಿಸಿದ. "ಅಯ್ಯೋ, ನಾನು ಅವತ್ತಿಂದ ದಡ್ಡಿ ಅಂತಲೇ ಅಂದ್ಕಂಡಿದ್ನಲ್ಲ ಸರ್. ಊಟ ಸೇರಿರ್ಲಿಲ್ಲ ಅವತ್ತು." ಪೆನ್ನಿನ ಮುಚ್ಚಳ ಹಲ್ಲಿನಿಂದ ಕಚ್ಚಿ ತೆಗೆದಳು. ಚಂದ್ರುವೇ ತಡೆದು, "ಏ, ನಿಂಗೆ ಮಾರ್ಕ್ ಹೋಗುತ್ತೆ ಕಣೇ, ಯೋಚ್ನೆ ಮಾಡ್ಕೊ" ಎಂದ. ಚಂದ್ರುವಿನಂಥವನು ಹೇಳಿದ ಮಾತು ಅದು, ತಾನು ಹೇಳಬೇಕಾದದ್ದು. "ಗೊತ್ತು ಬಿಡೋ" ಎಂದಳು ಅವಳು. "ತಪ್ಪು ಉತ್ತರಕ್ಕೆ ಸಿಕ್ಕಿದ್ ಮಾರ್ಕು ಇಟ್ಕೊಂಡು ಏನ್ ಮಾಡ್ಲಿ? ಸರ್ರೇ ಬರ್ದವ್ರಲ್ಲ." ಕನ್ನಡದಲ್ಲಿ, ದುಂಡಗೆ, ತಂದೆಯ ಹೆಸರು ಸೇರಿಸಿ ಸಹಿ ಮಾಡಿದಳು. ಅದನ್ನು ನೋಡುತ್ತ ಝುಬೇರನ ಒಳಗೆ ಮಾಮೂಲಿನಂತೆ 'ದಡ್ಡಿ' ಎಂಬ ಮಾತು ಎದ್ದಿತು. ಎದ್ದು, ಕೂರಲು ಜಾಗ ಸಿಗದೆ, ನಿಂತೇ ಇತ್ತು. ಅವಳು ಬಾಗಿಲಲ್ಲಿ ತಿರುಗಿ, "ನಮ್ಮಪ್ಪಂಗೆ ಹೇಳ್ತೀನಿ ಸರ್, ನಾನು ಹೇಳಿದ್ದೇ ಸರಿ ಅಂತ ಸರ್ರು ಲೆಟರ್ ಹೆಡ್ಡಲ್ಲೇ ಬರ್ಕೊಟ್ರು ಅಂತ" ಎಂದು ಹೋದಳು. ಚಂದ್ರು ಅಲ್ಲೇ ಕೂತು ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಳಿಸಿಬಿಟ್ಟ. ಹೋಯ್ತು ಸಾ ಎಂದ.

ಸಂಜೆ ಹೊಸ ಬ್ಯಾಚು. ಹೊಸ ಮುಖಗಳು, ಅದೇ ಬುತ್ತಿ, ಅದೇ ಬನ್ನಿನ ವಾಸನೆ. ಬೇರೆ ಪಾಠ ತೆಗೆದುಕೊಳ್ಳಬಹುದಿತ್ತು, ಆದರೆ ಮೊದಲ ದಿನದ ಪಾಠ ಯಾವತ್ತೂ ಒಂದೇ, ಕೈ ತಾನಾಗಿ ಬೋರ್ಡಿನ ಮೇಲೆ ಹೋಗಿ ಎಲ್ಲ ಗಡಿಯಾರಗಳೂ ಬೀಗಗಳು ಎಂದು ಬರೆಯಿತು, ಅದರ ಕೆಳಗೆ ನಿಯಮ ಬರೆದು ಅಡಿಗೆರೆ ಎಳೆಯಿತು. ಮಾತು ಅದರ ಪಾಡಿಗೆ ಅದು ಹರಿಯುತ್ತಿತ್ತು, ಅವನು ಕುಣಿಗಲ್ಲಿನ ಕೆರೆ ಏರಿಯ ಮೇಲೆ, ಗುಬ್ಬಿಯ ಅಡುಗೆ ಮನೆಯಲ್ಲಿ, ಇನ್ನೆಲ್ಲೋ ಇದ್ದ. ಎರಡನೇ ಬೆಂಚಿನಿಂದ ಒಬ್ಬ ಹೆಂಗಸು ಎದ್ದಳು. ಮದುವೆಯಾದವಳು, ತಾಳಿಯನ್ನು ಸೆರಗಿನೊಳಗೆ ಸೇರಿಸಿಕೊಂಡಿದ್ದಳು. "ಸರ್, ಎಲ್ಲಾ ಅಂತ ಗೊತ್ತಿದ್ ಮೇಲೆ ಕೆಲವು ಅಂದ್ರೆ ಸುಳ್ಳಲ್ವಾ?"

"ಯಾವೂರಮ್ಮ ನಿಂದು?"

"ಹುತ್ರಿದುರ್ಗ ಸರ್."

"ಮನೇಲಿ ಎಮ್ಮೆ ಐತೇನಮ್ಮ?"

ಅದು ಬಾಯಿಂದ ಹೊರಗೆ ಬಂದದ್ದು ಅವನ ಕಿವಿಗೆ ಬಿದ್ದದ್ದು ಆಮೇಲೆ. ತಡೆಯಬಹುದಿತ್ತು. ಆದರೆ ಮುಂದಿನ ಬೆಂಚಿನವರು ಆಗಲೇ ಬಾಯಿ ಮೇಲೆ ಕೈಯಿಟ್ಟು ಕಿಸಿಕಿಸಿ ಎನ್ನುತ್ತಿದ್ದರು, ಆ ಕಿಸಿಕಿಸಿ ಕೇಳಿದರೆ ಅವನ ನಾಲಿಗೆ ನಿಲ್ಲುವುದಲ್ಲ. ಕಾಲು ಬಂತು, ಕಪ್ಪು ಬಂತು, ಕೊಟ್ಟಿಗೆ ಬಂತು. ಎಮ್ಮೇನ ಕಳ್ಸು ಪಾಸ್ ಮಾಡಿಸ್ತೀನಿ ಎನ್ನುವಾಗ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಗುವಿನ ನಡುವೆ ಪ್ಲೈವುಡ್ಡಿನ ಆಚೆ ಕುರ್ಚಿಯೊಂದು ಸರಿದ ಸದ್ದು ಅವನಿಗೊಬ್ಬನಿಗೆ ಕೇಳಿಸಿತು.

ನಂದಿತಾ ಬಾಗಿಲಲ್ಲಿ ಬಂದು ನಿಂತಳು. ಬೋರ್ಡು ನೋಡಿದಳು, ಇನ್ನೂ ನಿಂತೇ ಇದ್ದ ಹುತ್ರಿದುರ್ಗದವಳನ್ನು ನೋಡಿದಳು, ಕೊನೆಗೆ ಅವನನ್ನು ನೋಡಿದಳು. ಜಗಳಕ್ಕೆ ಬಂದವಳ ಮುಖವಲ್ಲ ಅದು. ಲೆಕ್ಕ ಬಿಡಿಸುವವಳ ಮುಖ. ಒಂದೊಂದೇ ಸೇರಿ ಅವಳ ಕಣ್ಣಿನಲ್ಲಿ ಉತ್ತರ ಕೂಡಿಕೊಳ್ಳುವುದು ಅವನಿಗೆ ಕಾಣುತ್ತಿತ್ತು. ಅವಳು ಒಳಗೆ ಬಂದು, ಆ ಹೆಂಗಸಿನ ಭುಜ ಮುಟ್ಟಿ, "ಕೂತ್ಕೊಳಿ ಅಕ್ಕ" ಎಂದಳು. ತಾನೂ ಅವಳ ಪಕ್ಕದಲ್ಲಿ ಕೂತಳು.

"ಹೊರಗಡೆ ಸರಿಯಾಗಿ ಕೇಳುಸ್ಲಿಲ್ಲ ಸರ್. ಎಲ್ಲರ ಕೈಲೂ ಹೇಳ್ಸಿ."

ಕ್ಲಾಸು ಕಾಯುತ್ತಿತ್ತು. ಝುಬೇರ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತು, ಹೇಳಿ ಎಂದ. ಹೊಸ ಬ್ಯಾಚಿನವರು, ಮೊದಲ ದಿನದ ಹುಮ್ಮಸ್ಸಿನಲ್ಲಿ, ಬೇಕರಿಯವರೆಗೆ ಕೇಳುವಂತೆ ಕೂಗಿದರು: ಎಲ್ಲ ನಿಜವಾದರೆ ಕೆಲವೂ ನಿಜ. ಮತ್ತೆ ಕೂಗಿದರು. ಹುತ್ರಿದುರ್ಗದವಳೂ ತಲೆ ತಗ್ಗಿಸಿಕೊಂಡು ಕೂಗಿದಳು. ಆ ಗದ್ದಲದಲ್ಲಿ ಅವನು ಒಂದು ದನಿಗಾಗಿ ಕಿವಿಗೊಟ್ಟು ನಿಂತಿದ್ದ. ನಂದಿತಾ ತುಟಿ ಬಿಗಿದುಕೊಂಡು, ಕಣ್ಣು ಕದಲಿಸದೆ, ಅವನನ್ನೇ ನೋಡುತ್ತಿದ್ದಳು.